ಎಂಜಿನ್‌ಗೂ ಉಸಿರು ಬೇಕು, ನಮಗೂ ಬೇಕು

ಜಲಾಂತರ್ಗಾಮಿ ಎಂದ ಕೂಡಲೇ ನೀರಿನೊಳಗಿನ ಓಟವೇ ಎಲ್ಲರ ಕಣ್ಣ ಮುಂದೆ ಬರುತ್ತದೆ. ಆದರೆ ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಳ್ಳುವ ಪುಟ್ಟ ಜಲಾಂತರ್ಗಾಮಿಯ ತಲೆನೋವು ಮುಳುಗುವ ಮೊದಲೇ ಶುರುವಾಗುತ್ತದೆ. ದಡದಿಂದ ಮುಳುಗುವ ಜಾಗದವರೆಗೆ ನೀರಿನ ಮೇಲೆ ಹೋಗಿ ಬರಬೇಕಲ್ಲ, ಅದಕ್ಕೆ ಯಾವ ಎಂಜಿನ್ ಹಾಕುವುದು?

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಇಂಥದ್ದೊಂದರ ವಿನ್ಯಾಸ ಕೈಗೆತ್ತಿಕೊಂಡ ನಮ್ಮ ನಾಲ್ವರ ತಂಡದಲ್ಲಿ ಈ ಪ್ರಶ್ನೆಗೇ ಜಗಳ ಹತ್ತಿತು. ನಮ್ಮದು 5 ಮೀಟರ್ ಉದ್ದದ, ಒಬ್ಬರೇ ಕೂರುವ ನೌಕೆ. ಶಿವಾಜಿನಗರದ ಗುಜರಿಯಲ್ಲಿ ಹಳೇ ಬೈಕ್ ಎಂಜಿನ್ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಕೂರಿಸೋಣ ಎಂದ ಒಬ್ಬ. ಬೇಡ, ಡೀಸೆಲ್ ಇರಲಿ ಎಂದ ಇನ್ನೊಬ್ಬ. ಕಾಸಿನ ಲೆಕ್ಕದಲ್ಲಿ ಇಬ್ಬರದೂ ಸರಿಯೇ. ಆದರೆ ಒಳಗೆ ಕೂರುವವನ ಜೀವದ ಲೆಕ್ಕವೇ ಬೇರೆ.

ಮೊದಲು ಪೆಟ್ರೋಲ್. ಅದರ ಆವಿ ಗಾಳಿಗಿಂತ ಭಾರ. ತೆರೆದ ದೋಣಿಯಲ್ಲಿ ಗಾಳಿಗೆ ಹಾರಿಹೋಗುವ ಆವಿ, ಮುಚ್ಚಿದ ಉಕ್ಕಿನ ಒಡಲಲ್ಲಿ ತಳಕ್ಕಿಳಿದು ಕೂರುತ್ತದೆ. ಅಲ್ಲೇ ಸ್ವಿಚ್ಚು, ವೈರುಗಳೂ ಇರುತ್ತವೆ. ಒಂದು ಕಿಡಿ ಸಾಕು. ಬ್ರಿಟಿಷ್ ನೌಕಾಪಡೆಯ ಎ-5 ಜಲಾಂತರ್ಗಾಮಿಯಲ್ಲಿ 1905ರ ಫೆಬ್ರುವರಿಯಲ್ಲಿ ಪೆಟ್ರೋಲ್ ಆವಿ ಸ್ಫೋಟಗೊಂಡು ಆರು ಮಂದಿ ಸತ್ತರು. ಮುಂದೆ ನೌಕಾಪಡೆಗಳು ಪೆಟ್ರೋಲ್ ಬಿಟ್ಟು ಡೀಸೆಲ್ ಕಡೆ ಹೊರಳಿದ್ದಕ್ಕೆ ಇಂಥ ಅಪಾಯವೂ ದೊಡ್ಡ ಕಾರಣ.

ಹಾಗಾದರೆ ಡೀಸೆಲ್ ಕ್ಷೇಮವೇ? ಎಷ್ಟೋ ಕಾಲೇಜುಗಳ ಲ್ಯಾಬ್‌ನಲ್ಲಿ 5 ಎಚ್‌ಪಿಯ ಒಂದೇ ಸಿಲಿಂಡರ್ ಡೀಸೆಲ್ ಎಂಜಿನ್ ಇರುತ್ತದೆ. ಸಿಲಿಂಡರ್ ವ್ಯಾಸ 80 ಮಿ.ಮೀ., ಸ್ಟ್ರೋಕ್ 110 ಮಿ.ಮೀ., ವೇಗ ನಿಮಿಷಕ್ಕೆ 1,500 ಸುತ್ತು. ನಾಲ್ಕು ಸ್ಟ್ರೋಕಿನ ಎಂಜಿನ್ ಆದ್ದರಿಂದ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ. ಗುಣಿಸಿ ನೋಡಿ, ನಿಮಿಷಕ್ಕೆ 400 ಲೀಟರ್‌ಗೂ ಹೆಚ್ಚು ಗಾಳಿ! ನಮ್ಮ ಕ್ಯಾಬಿನ್‌ನಲ್ಲಿ ಇರುವುದೇ ಸುಮಾರು 2,000 ಲೀಟರ್. ಗಾಳಿ ಬರುವ ಕೊಳವೆಗೆ ಅಲೆಯೊಂದು ಬಡಿದು ಮುಚ್ಚಿಕೊಂಡರೆ, ಎಂಜಿನ್ ನಮ್ಮ ಪಾಲಿನ ಗಾಳಿಯನ್ನೇ ಎಳೆಯತೊಡಗುತ್ತದೆ. ಹೊಗೆ ಕೊಳವೆ ಎಲ್ಲಾದರೂ ಸೋರಿದರೆ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ.

ಹೆಚ್ಚು ಎಚ್‌ಪಿ ಹಾಕಿದರೆ ಬೇಗ ತಲುಪಬಹುದಲ್ಲ ಎಂಬ ವಾದವೂ ಇತ್ತು. ನೀರು ಅದಕ್ಕೆ ಒಪ್ಪುವುದಿಲ್ಲ. ನೀರಿನ ಮೇಲೆ ಸಾಗುವ ಒಡಲು ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. 5 ಮೀಟರ್ ಉದ್ದದ ನೌಕೆ ಗಂಟೆಗೆ ಸುಮಾರು 10 ಕಿ.ಮೀ. ದಾಟುವುದು ಬಲು ಕಷ್ಟ. ಅದಕ್ಕಿಂತ ಕಡಿಮೆ ವೇಗದಲ್ಲೂ, ವೇಗ ಎರಡರಷ್ಟಾಗಲು ಶಕ್ತಿ ಸುಮಾರು ಎಂಟರಷ್ಟು ಬೇಕು. ಅಂದರೆ ದೊಡ್ಡ ಎಂಜಿನ್ನಿಗೆ ಸುರಿದ ದುಡ್ಡು ನೀರಿನಲ್ಲಿ ಹೋಮ.

ದೂರ ಹೋಗಲೇಬೇಕಾದವರಿಗೆ ಇರುವ ದಾರಿಯ ನಮೂನೆ ನಮ್ಮ ಕೆ.ಆರ್. ಪುರದ ಲೋಕೋ ಶೆಡ್‌ನಲ್ಲೇ ಇದೆ. ಅಲ್ಲಿಯ ಡೀಸೆಲ್ ರೈಲು ಎಂಜಿನ್‌ಗಳಲ್ಲಿ ಡೀಸೆಲ್ ನೇರವಾಗಿ ಚಕ್ರ ತಿರುಗಿಸುವುದಿಲ್ಲ. ಅದು ವಿದ್ಯುತ್ ಉತ್ಪಾದಿಸುತ್ತದೆ, ಮೋಟಾರ್‌ಗಳು ಚಕ್ರ ತಿರುಗಿಸುತ್ತವೆ. ನಡುವೆ ಬ್ಯಾಟರಿ ಸೇರಿಸಿದರೆ ಜಲಾಂತರ್ಗಾಮಿಗೂ ಒಗ್ಗುತ್ತದೆ. ಮೇಲಿದ್ದಾಗ ಚಾರ್ಜ್, ಮುಳುಗಿದಾಗ ಬ್ಯಾಟರಿ. ಆದರೆ ಒಬ್ಬರ ನೌಕೆಗೆ ಇಷ್ಟೆಲ್ಲ ತುರುಕಲು ಜಾಗವೆಲ್ಲಿದೆ?

ಕೊನೆಗೆ ಉಳಿದದ್ದು ಬರೀ ಬ್ಯಾಟರಿ ಮತ್ತು ಮೋಟಾರ್. ಬ್ಯಾಟರಿ ಭಾರ ಎಂಬ ದೂರು ಇಲ್ಲಿ ನಿಲ್ಲುವುದಿಲ್ಲ. 2 ಘನ ಮೀಟರ್ ಗಾತ್ರದ ಒಡಲು ಮುಳುಗಬೇಕಾದರೆ ಅದು 2,000 ಕಿಲೋ ತೂಗಲೇಬೇಕು. ಹೇಗೂ ತುಂಬಬೇಕಾದ ಸೀಸದ ಬದಲು 150 ಕಿಲೋ ಲೆಡ್-ಆ್ಯಸಿಡ್ ಬ್ಯಾಟರಿ ಇಟ್ಟರೆ ಸುಮಾರು 5 ಯೂನಿಟ್ ವಿದ್ಯುತ್ ಸಿಗುತ್ತದೆ. 2 ಕಿಲೋವ್ಯಾಟ್ ಮೋಟಾರನ್ನು ಎರಡು ಗಂಟೆ ಓಡಿಸಲು ಅಷ್ಟು ಸಾಕು. ಅಮೆರಿಕದ ನಿವೃತ್ತ ನೌಕಾಧಿಕಾರಿ ಜಾರ್ಜ್ ಕಿಟ್ರೆಡ್ಜ್ ರೂಪಿಸಿದ ಕೆ-250, ಕೆ-350 ಎಂಬ ಪುಟ್ಟ ಜಲಾಂತರ್ಗಾಮಿಗಳೂ ಬ್ಯಾಟರಿಯನ್ನೇ ನಂಬಿಕೊಂಡವು. ಒಂದೇ ಎಚ್ಚರಿಕೆ: ಚಾರ್ಜ್ ಮಾಡುವಾಗ ಇಂಥ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ 4 ದಾಟಿದರೆ ಹೊತ್ತಿಕೊಳ್ಳಬಲ್ಲದು. ಮುಚ್ಚಳ ತೆರೆದು, ಫ್ಯಾನ್ ಹಾಕಿಯೇ ಚಾರ್ಜ್ ಮಾಡಬೇಕು.

ಎಲ್ಲಕ್ಕಿಂತ ಅಗ್ಗದ ಉಪಾಯ ಇನ್ನೊಂದಿದೆ, ಹಗ್ಗ! ಜೊತೆಗೊಂದು ಮೋಟಾರ್ ದೋಣಿ ಸುರಕ್ಷತೆಗೆ ಹೇಗೂ ಬೇಕು. ಮುಳುಗುವ ಜಾಗದವರೆಗೆ ಅದೇ ಎಳೆದುಕೊಂಡು ಹೋಗಲಿ. ಪೆಟ್ರೋಲ್ ಆ ದೋಣಿಯಲ್ಲಿರಲಿ, ಬ್ಯಾಟರಿ ಪೂರ್ತಿ ಮುಳುಗಾಟಕ್ಕೆ ಉಳಿಯಲಿ. ನಮ್ಮ ವಿನ್ಯಾಸ ನಿಂತದ್ದು ಇಲ್ಲಿಗೇ. ಹಾಗೆಂದು ನಾಳೆಯೇ ಹಲಸೂರು ಕೆರೆಗೆ ಇಳಿಸುತ್ತೇವೆಂದಲ್ಲ. ಅನುಮತಿಯಿಲ್ಲದೆ, ಒತ್ತಡದ ಪರೀಕ್ಷೆ ಆಗದೆ ಯಾರೂ ಯಾವ ಕೆರೆಗೂ ಇಳಿಯಬಾರದು. ನಮ್ಮದು ಸದ್ಯಕ್ಕೆ ಕಾಗದದ ಮೇಲೇ ಇದೆ.

ಕಾಗದದ ಮೇಲಿದ್ದರೂ ಕಲಿಕೆ ದೊಡ್ಡದು. ಬ್ಯಾಟರಿ, ಮೋಟಾರ್, ಕಂಟ್ರೋಲರ್‌ಗಳ ಈ ಲೆಕ್ಕವೇ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳಿಗೂ ಬೇಕು. ಸಂದರ್ಶನದಲ್ಲಿ ಎಂಜಿನ್‌ನ ಎಚ್‌ಪಿ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಅದೇ ಎಂಜಿನ್ ಯಾಕೆ ಎಂದು ಹೇಳುವವರು ಕಡಿಮೆ. ಸಾಧ್ಯವಾದರೆ ವಿಶಾಖಪಟ್ಟಣದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಐಎನ್‌ಎಸ್ ಕುರುಸುರಾ ನೋಡಿ ಬನ್ನಿ. ಅದರ ಡೀಸೆಲ್ ಎಂಜಿನ್‌ಗಳ ನಡುವಿನ ಇಕ್ಕಟ್ಟಿನಲ್ಲಿ ಒಮ್ಮೆ ನಡೆದರೆ, ಅಲ್ಲಿ ಗಾಳಿಗೆ ಎಷ್ಟು ಬೆಲೆ ಎಂಬುದು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಅರ್ಥವಾಗುತ್ತದೆ.