ಗಲ್ಲಾದ ಕಂಪ್ಯೂಟರ್ ಸದ್ದು ಮಾಡಿದರೆ ಕಿವಿಗೊಡಿ



ಗ್ರೈಂಡರಿನ ಸದ್ದು ಸ್ವಲ್ಪ ಬದಲಾದರೂ ನಮ್ಮವರಿಗೆ ಕೂಡಲೇ ಗೊತ್ತಾಗುತ್ತದೆ. ಬೆಲ್ಟ್ ಸಡಿಲವಾಯಿತೋ, ಬೇರಿಂಗ್ ಹೋಯಿತೋ ಎಂದು ಆಗಲೇ ನೋಡುತ್ತಾರೆ. ಫ್ರಿಜ್ಜಿನ ಕಂಪ್ರೆಸರ್ ಬೇರೆ ಸ್ವರ ತೆಗೆದರೆ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಆದರೆ ಗಲ್ಲಾದ ಕೆಳಗಿನ ಕಂಪ್ಯೂಟರ್ ತಿಂಗಳುಗಟ್ಟಲೆ ಗುರ್ ಎನ್ನುತ್ತಿದ್ದರೂ, "ಬಿಲ್ ಬರುತ್ತಿದೆಯಲ್ಲ, ಇರಲಿ ಬಿಡಿ" ಎಂಬ ಮಾತು ಎಷ್ಟೋ ಕಡೆ ಕೇಳುತ್ತದೆ.

ಈಗ ಆ ಪೆಟ್ಟಿಗೆಯಲ್ಲಿ ಬರೇ ಬಿಲ್ ಇರುವುದಲ್ಲ. ಸ್ಟಾಕು, ಹುಡುಗರ ಸಂಬಳ ಮತ್ತು ಅಡ್ವಾನ್ಸ್, ತಿಂಗಳ ಲೆಕ್ಕದ ಗಿರಾಕಿಗಳ ಬಾಕಿ, ಜಿಎಸ್‌ಟಿ ಲೆಕ್ಕ ಎಲ್ಲವೂ ಅದರಲ್ಲೇ. ಆದುದರಿಂದ ಅದರ ಸದ್ದಿಗೂ ಅರ್ಥ ತಿಳಿದಿರುವುದು ಒಳ್ಳೆಯದು. ಇದಕ್ಕೆ ದೊಡ್ಡ ವಿದ್ಯೆ ಬೇಡ. ನಾವು ಹತ್ತನೇ ತರಗತಿ ಓದಿದವರು. ಗಲ್ಲಾದಲ್ಲಿ ಕೂತು, ನೋಡಿ, ಕೇಳಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಸದ್ದು ಬರುವುದು ಎಲ್ಲಿಂದ?

ಕಂಪ್ಯೂಟರಿನೊಳಗೆ ತಿರುಗುವ ಸಾಮಾನು ಎರಡೇ ಬಗೆ: ಫ್ಯಾನು ಮತ್ತು ಹಾರ್ಡ್ ಡಿಸ್ಕ್. ಹಳೆಯದರಲ್ಲಿ ಸಿಡಿ ಡ್ರೈವ್ ಕೂಡ ಇರುತ್ತದೆ. ಫ್ಯಾನುಗಳಲ್ಲಿ ಒಂದು ಪ್ರೊಸೆಸರಿನ ಮೇಲೆ, ಇನ್ನೊಂದು ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿಯೊಳಗೆ, ಮತ್ತೊಂದು ಹೆಚ್ಚಾಗಿ ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಇರುತ್ತದೆ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳಿದ್ದು, ಅವು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ನಮ್ಮ ಲೆಕ್ಕ ಬರೆದಿರುವುದು ಆ ತಟ್ಟೆಗಳ ಮೇಲೆ.

ಆಫೀಸಿನ ಕಂಪ್ಯೂಟರಿಗೂ ಹೋಟೆಲಿನ ಕಂಪ್ಯೂಟರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಬರುವುದು ಒಣ ಧೂಳು, ಊದಿದರೆ ಹೋಗುತ್ತದೆ. ನಮ್ಮಲ್ಲಿ ಒಗ್ಗರಣೆಯ ಹೊಗೆ, ಎಣ್ಣೆಯ ಆವಿ, ಮೈದಾ ಹಿಟ್ಟು ಎಲ್ಲ ಸೇರುತ್ತದೆ. ಗಲ್ಲಾದ ಮೇಲೆ ದೇವರ ಫೋಟೋ ಇದ್ದೇ ಇರುತ್ತದೆ. ಅದಕ್ಕೆ ಹಚ್ಚಿದ ಊದುಬತ್ತಿಯ ಹೊಗೆ ಮತ್ತು ಬೂದಿಯೂ ಕೆಳಗಿನ ಪೆಟ್ಟಿಗೆಗೇ ಹೋಗುತ್ತದೆ. ಎಕ್ಸಾಸ್ಟಿನ ಜಾಲರಿಗೆ ಹಿಡಿಯುವ ಜಿಡ್ಡಿನ ಹಾಗೆ ಇದು ಒಳಗೆ ಅಂಟಿ ಕೂರುತ್ತದೆ.

ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದು ಹೀಗೆ ಮುಚ್ಚಿದರೆ ಬಿಸಿ ಹೊರಗೆ ಹೋಗುವುದಿಲ್ಲ. ಬಿಸಿ ಏರಿದಂತೆ ಫ್ಯಾನು ಜೋರಾಗಿ ತಿರುಗುತ್ತದೆ, ಸದ್ದು ಹೆಚ್ಚುತ್ತದೆ. ಅದಕ್ಕೂ ತಗ್ಗದಿದ್ದರೆ ಪ್ರೊಸೆಸರ್ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ, ಬಿಲ್ ತಡವಾಗುತ್ತದೆ. ಕೊನೆಗೆ ಸುಟ್ಟುಹೋಗದಂತೆ ಕಂಪ್ಯೂಟರ್ ಬಂದ್ ಆಗುತ್ತದೆ. ಇದು ಆಗುವುದು ಸಾಮಾನ್ಯವಾಗಿ ಸೆಖೆಯೂ ಗಿರಾಕಿಗಳೂ ಹೆಚ್ಚಿರುವ ಮಧ್ಯಾಹ್ನ ಊಟದ ಹೊತ್ತಿಗೇ.

ಸದ್ದು ನೋಡಿ ರೋಗ ತಿಳಿಯಿರಿ

ಭರ್ ಎಂದು ಗಾಳಿಯ ಸದ್ದು: ಧೂಳು, ಜಿಡ್ಡು ತುಂಬಿದೆ. ಶುಚಿ ಮಾಡಿದರೆ ಹೆಚ್ಚಾಗಿ ಸರಿಯಾಗುತ್ತದೆ.

ಬೆಳಿಗ್ಗೆ ಸ್ವಿಚ್ ಹಾಕಿದಾಗ ಗರಗರ, ಸ್ವಲ್ಪ ಹೊತ್ತಿನಲ್ಲಿ ಕಡಿಮೆ: ಫ್ಯಾನಿನ ಬೇರಿಂಗ್ ಸವೆದಿದೆ. ಎಣ್ಣೆ ಬಿಟ್ಟರೆ ನಾಲ್ಕು ದಿನ ನಡೆಯಬಹುದು. ತೆಂಗಿನೆಣ್ಣೆ, ಅಡುಗೆ ಎಣ್ಣೆಯಂತೂ ಬೇಡವೇ ಬೇಡ, ಅಂಟು ಹೆಚ್ಚುತ್ತದೆ. ಅದೇ ಅಳತೆಯ ಹೊಸ ಫ್ಯಾನು ಹಾಕಿಸುವುದೇ ಸರಿ.

ಟರ್ರ್ ಎಂದು ಏನೋ ತಾಗಿದ ಸದ್ದು: ಒಳಗಿನ ವಯರು ಫ್ಯಾನಿಗೆ ತಾಗುತ್ತಿದೆ. ಅದನ್ನು ಸರಿಸಿ ಕಟ್ಟಿದರೆ ಸಾಕು.

ಕ್ಯಾಬಿನೆಟ್ಟನ್ನು ಕೈಯಲ್ಲಿ ಒತ್ತಿದರೆ ನಿಲ್ಲುವ ಸದ್ದು: ಸ್ಕ್ರೂ ಸಡಿಲ, ಇಲ್ಲವೇ ಮುಚ್ಚಳ ಸರಿ ಕೂತಿಲ್ಲ.

ಟಕ್ ಟಕ್ ಎಂದು ಒಂದೇ ತಾಳದ ಸದ್ದು, ಅಥವಾ ಕೆರೆದ ಹಾಗೆ ಸದ್ದು: ಇದು ಹಾರ್ಡ್ ಡಿಸ್ಕ್. ಅಪಾಯ ಇಲ್ಲಿದೆ.

ಯಾವುದು ಎಂದು ತಿಳಿಯದಿದ್ದರೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಪಕ್ಕದ ಮುಚ್ಚಳ ತೆಗೆದು, ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗೆ ಇಟ್ಟು ಇನ್ನೊಂದು ತುದಿಯನ್ನು ಒಂದೊಂದೇ ಸಾಮಾನಿನ ಕಡೆ ಹಿಡಿಯಿರಿ. ಕಾಗದವೂ ಕೈಯೂ ಫ್ಯಾನಿಗೆ ತಾಗಬಾರದು. ಬೀಪ್ ಬೀಪ್ ಸದ್ದಾದರೆ ಮೊದಲು ಯುಪಿಎಸ್ ನೋಡಿ, ಅದರ ಬ್ಯಾಟರಿ ಮುಗಿದಿರಬಹುದು.

ನಮ್ಮ ಗಲ್ಲಾದ ಕಂಪ್ಯೂಟರ್ ಸದ್ದು ಮಾಡಿದಾಗ ಬಂದವರೊಬ್ಬರು ಮುಚ್ಚಳ ಕೂಡ ತೆಗೆಯದೆ, "ಹಳೆಯದಾಯಿತು ಸೇಠ್, ಹೊಸದು ತೆಗೆದುಕೊಳ್ಳಿ" ಎಂದರು. ನಾವು ಇನ್ನೊಬ್ಬರನ್ನು ಕರೆಸಿ ಎದುರಿಗೇ ಬಿಚ್ಚಿಸಿದೆವು. ರೆಕ್ಕೆಗಳ ಮೇಲೆ ಕಂಬಳಿಯ ಹಾಗೆ ಜಿಡ್ಡು ಕೂತಿತ್ತು. ಶುಚಿ ಮಾಡಿಸಿ ಒಂದು ಫ್ಯಾನು ಬದಲಿಸಿದ್ದರಲ್ಲಿ ಕೆಲಸ ಮುಗಿಯಿತು. ಆದುದರಿಂದ ಹೊಸ ಮಾಲಿಗೆ ಒಪ್ಪುವ ಮೊದಲು ಒಳಗೆ ನೋಡಿಸಿರಿ.

ಶುಚಿ ಮಾಡುವ ರೀತಿ

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಅಡುಗೆ ಕೋಣೆಯಿಂದ ದೂರ ಹೊರಗೆ ಒಯ್ಯಿರಿ. ಬ್ಲೋವರ್‌ನಿಂದ ಊದುವಾಗ ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿಯಬೇಕು. ಇಲ್ಲದಿದ್ದರೆ ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಅಂಟಿದ ಜಿಡ್ಡಿಗೆ ಸಣ್ಣ ಬ್ರಶ್ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಅದು ಪೂರ್ತಿ ಆರಿದ ಮೇಲೆಯೇ ಪ್ಲಗ್ ಹಾಕಿ. ಸೋಪಿನ ನೀರು, ಒದ್ದೆ ಬಟ್ಟೆ ಬೇಡ. ಪ್ರೊಸೆಸರಿನ ಮೇಲಿನ ರೆಕ್ಕೆಯ ಭಾಗವನ್ನು ಬಿಚ್ಚಿದರೆ ಹೊಸ ಥರ್ಮಲ್ ಪೇಸ್ಟ್ ಹಚ್ಚಲೇಬೇಕು, ಆ ಕೆಲಸ ತಿಳಿದವರೇ ಮಾಡಲಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನಾವು ತೆರೆಯಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ. ಅದರ ಫ್ಯಾನು ಕೆಟ್ಟರೆ ಡಬ್ಬಿಯನ್ನೇ ಬದಲಿಸಿ.

ಟಕ್ ಟಕ್ ಕೇಳಿದರೆ

ಫ್ಯಾನು ಕೆಟ್ಟರೆ ಹೊಸದು ಬರುತ್ತದೆ. ಲೆಕ್ಕ ಹೋದರೆ ಬಜಾರಿನಲ್ಲಿ ಸಿಗುವುದಿಲ್ಲ. ಹಾರ್ಡ್ ಡಿಸ್ಕ್ ಟಕ್ ಟಕ್ ಎಂದರೆ ರಿಪೇರಿಯ ಮಾತು ಆಮೇಲೆ, ಮೊದಲು ಲೆಕ್ಕದ ಪ್ರತಿ ತೆಗೆಯಿರಿ. ನಾಳೆ ಎನ್ನಬೇಡಿ. ಮತ್ತೆ ಮತ್ತೆ ಆನ್-ಆಫ್ ಮಾಡುವುದು, ತಟ್ಟಿ ನೋಡುವುದು ಬೇಡ. ಕಂಪ್ಯೂಟರ್ ಡಿಸ್ಕನ್ನು ಗುರುತಿಸುವುದೇ ಇಲ್ಲವಾದರೆ ಆರಿಸಿ, ಡೇಟಾ ತೆಗೆದುಕೊಡುವ ತಜ್ಞರಲ್ಲಿಗೆ ಒಯ್ಯಿರಿ. ಅದರ ಖರ್ಚು ಹೊಸ ಡಿಸ್ಕಿನ ಬೆಲೆಗಿಂತ ಎಷ್ಟೋ ಹೆಚ್ಚು ಬೀಳಬಹುದು. ಎಲ್ಲವೂ ಸಿಗುತ್ತದೆ ಎಂಬ ಖಾತ್ರಿಯೂ ಇಲ್ಲ.

ಜಿಎಸ್‌ಟಿ 2017ರ ಜುಲೈ 1ರಿಂದ ಬಂತು. ಅದರ ಕಾನೂನಿನ 36ನೇ ಸೆಕ್ಷನ್ ಪ್ರಕಾರ, ಆ ವರ್ಷದ ವಾರ್ಷಿಕ ರಿಟರ್ನ್ ಕೊಡುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಅಂದರೆ ಆರು ವರ್ಷ. ಅಧಿಕಾರಿಗಳು ಕೇಳಿದಾಗ ಕಂಪ್ಯೂಟರ್ ಕೆಟ್ಟಿತ್ತು ಎಂದರೆ ನಡೆಯುವುದಿಲ್ಲ.

ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಒಳ್ಳೆಯದು. ಅದರಲ್ಲಿ ತಿರುಗುವ ಸಾಮಾನಿಲ್ಲ, ಸದ್ದಿಲ್ಲ, ಬಿಲ್ಲೂ ಬೇಗ ಬರುತ್ತದೆ. ಆದರೆ ಅದು ಕೆಡುವಾಗಲೂ ಸದ್ದು ಮಾಡುವುದಿಲ್ಲ. ಹಾಗಾಗಿ ಪ್ರತಿ ತೆಗೆಯುವುದು ಎಂದಿಗೂ ತಪ್ಪಬಾರದು. ಆನ್‌ಲೈನ್ ಬಿಲ್ಲಿಂಗ್ ಇರುವವರೂ ತಮ್ಮ ಕೈಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ.

ನಿತ್ಯದ ಕ್ರಮ

ಪೆಟ್ಟಿಗೆಯನ್ನು ನೆಲದ ಮೇಲೆ ಇಡದೆ ಒಂದಡಿ ಎತ್ತರದಲ್ಲಿಡಿ. ಹಿಂದೆ ನಾಲ್ಕು ಬೆರಳಾದರೂ ಜಾಗ ಬಿಡಿ. ಬಿಲ್ ರೋಲು, ಪಾರ್ಸೆಲ್ ಚೀಲಗಳನ್ನು ಅದಕ್ಕೆ ಒತ್ತಿ ತುಂಬಬೇಡಿ. ನಡೆಯುವಾಗ ಬಟ್ಟೆ ಹೊದಿಸಬೇಡಿ. ದೋಸೆ ಕಾವಲಿ, ತಂದೂರಿನ ಗಾಳಿ ಬಾರದ ಕಡೆ ಇರಲಿ. ಎಕ್ಸಾಸ್ಟ್ ಶುಚಿ ಮಾಡಿಸುವ ದಿನವೇ ಇದನ್ನೂ ತೆರೆಸಿದರೆ ಮರೆಯುವುದಿಲ್ಲ. ರಾತ್ರಿ ಗಲ್ಲಾ ಎಣಿಸಿದ ಮೇಲೆ ಮೆಹ್ತಾಜಿಯವರು ಹೊರಗಿನ ಡ್ರೈವಿಗೆ ಆ ದಿನದ ಲೆಕ್ಕದ ಪ್ರತಿ ತೆಗೆದು, ಡ್ರೈವನ್ನು ಬಿಚ್ಚಿ ಬೇರೆ ಕಡೆ ಇಡಲಿ. ವಾರಕ್ಕೊಮ್ಮೆ ಆ ಪ್ರತಿ ತೆರೆಯುತ್ತದೆಯೇ ಎಂದೂ ನೋಡಲಿ.

ಇನ್ನೊಂದು ಮಾತು. ಕಂಪ್ಯೂಟರಿನ ಪಕ್ಕದಲ್ಲಿ ದಿನವಿಡೀ ಕೂರುವವನು ಗಲ್ಲಾದ ಹುಡುಗ. ಸದ್ದು ಬದಲಾದದ್ದು ಮೊದಲು ತಿಳಿಯುವುದು ಅವನಿಗೆ. ತಿಳಿದ ಕೂಡಲೇ ಹೇಳು, ಬೈಯುವುದಿಲ್ಲ ಎಂದು ಅವನಿಗೆ ಇವತ್ತೇ ಹೇಳಿಡಿ.