ಹೆಲಿಕಾಪ್ಟರಿನ ಕೆಂಪು ಸಿಲಿಂಡರ್

ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ 1960ರ ದಶಕದಿಂದ ಚೇತಕ್ ಎಂಬ ಸಣ್ಣ ಹೆಲಿಕಾಪ್ಟರ್ ತಯಾರಿಸುತ್ತ ಬಂತು. 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲೂ ಅದರ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತು. ಇಂಥ ಸಣ್ಣ ಹೆಲಿಕಾಪ್ಟರಿನಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಅಪಘಾತದ ಸುದ್ದಿ ಕಳಿಸುವ ರೇಡಿಯೋ ಪೆಟ್ಟಿಗೆ ಇರ್ತಾವೆ. ಇದ್ದರೆ ಸಾಲದು, ಗಟ್ಟಿಯಾಗಿ ಕೂತಿರಬೇಕು.

ಯಾಕಂದ್ರೆ ಮೇಲಿನ ರೆಕ್ಕೆ ತಿರುಗುವಾಗ ಇಡೀ ಹೆಲಿಕಾಪ್ಟರ್ ನಡುಗ್ತದೆ. ಆ ನಡುಕಕ್ಕೆ ಸ್ಕ್ರೂ, ಪಟ್ಟಿ ಸಡಿಲಾಗ್ತಾವೆ. (ಕಬ್ಬಿನ ಟ್ರಾಕ್ಟರಿನ ನಟ್ಟು ಸಡಿಲಾಗೋದು ನೋಡಿಲ್ಲವೇ!) ಸಿಲಿಂಡರ್ ಕಳಚಿ ಪೈಲಟ್‌ನ ಪೆಡಲಿನ ಕೆಳಗೆ ಉರುಳಿದರೆ ಕಾಲು ಒತ್ತಲಿಕ್ಕೇ ಆಗದು. ನೆಲಕ್ಕೆ ಅಪ್ಪಳಿಸುವಾಗ ಭಾರ ಹತ್ತು ಪಟ್ಟಾದರೆ 2 ಕಿಲೋ ಸಿಲಿಂಡರ್ 20 ಕಿಲೋ ಕಲ್ಲಿನಂತೆ ಕ್ಲಾಂಪನ್ನು ಎಳೆಯುತ್ತದೆ. ಕಿತ್ತು ಬಂದರೆ ಒಳಗಿದ್ದವರ ತಲೆಗೇ ಪೆಟ್ಟು.

ರೇಡಿಯೋ ಪೆಟ್ಟಿಗೆಯ ವಿಷಯ ಇನ್ನೂ ದೊಡ್ಡದು. ಜೋರು ಪೆಟ್ಟು ಬಿದ್ದ ಕೂಡಲೇ ಅದು ತಾನಾಗಿ ಶುರುವಾಗಿ, 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸ್ತದೆ. ನಮ್ಮ ದೇಶದಲ್ಲಿ ಆ ಸುದ್ದಿ ಇಸ್ರೋದ ಬೆಂಗಳೂರು ಕೇಂದ್ರಕ್ಕೆ ಮುಟ್ಟುತ್ತದೆ. ಆದರೆ ಪೆಟ್ಟಿಗೆ ಜಾಗ ಬಿಟ್ಟು ಹಾರಿದರೆ ಆಂಟೆನಾದ ತಂತಿ ಹರೀತದೆ. ಆಮೇಲೆ ಅದು ಎಷ್ಟು ಕೂಗಿದರೂ ಯಾರಿಗೂ ಕೇಳಿಸದು. ದಾಂಡೇಲಿ, ಜೋಯಿಡಾದಂಥ ದಟ್ಟ ಕಾಡಿನಲ್ಲಿ ಬಿದ್ದದ್ದನ್ನು ಬರೀ ಕಣ್ಣಿಂದ ಹುಡುಕೋದು ಎಷ್ಟು ಕಷ್ಟ! ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ 2009ರ ಸೆಪ್ಟೆಂಬರ್ 2ರಂದು ನಲ್ಲಮಲ ಕಾಡಿನಲ್ಲಿ ಬಿತ್ತು; ಸಿಕ್ಕಿದ್ದು ಮರುದಿನ.

ಹಾಗಂತ ಸಿಲಿಂಡರಿಗೆ ತಂತಿ ಸುತ್ತಿ ಬಿಗಿಯುವುದೂ ತಪ್ಪೇ. ಬೆಲ್ಟ್ ಕಟ್ಟಿ ಕೂತ ಪೈಲಟ್ ಕೈ ಚಾಚಿ ಒಂದೇ ಎಳೆತಕ್ಕೆ ತೆಗೆಯುವಂತಿರಬೇಕು. ಹಾರುವ ಮೊದಲು ಕ್ಲಾಂಪನ್ನು ಕೈಯಿಂದ ಅಲ್ಲಾಡಿಸಿ ನೋಡಬೇಕು, ಬರೀ ಕಣ್ಣಿಂದಲ್ಲ.