ಮೂರಕ್ಷರದ ಅಳಿವೆ

ನಮ್ಮ ಹಾಸ್ಟೆಲ್‌ನಲ್ಲಿ ಪೇಪರ್ ಬಂದ ಕೂಡಲೇ ಕಿತ್ತಾಟ ನಡೆಯುವುದು ಪದಬಂಧಕ್ಕೆ. ನಾನು ದಾವಣಗೆರೆ ಕಡೆಯವನು, ಕಡಲು ನೋಡಿದ್ದು ಶಾಲಾ ಪ್ರವಾಸದಲ್ಲಿ ಒಂದೇ ಸಲ. ಆದರೂ ಕರಾವಳಿಯ ಊರುಗಳೆಲ್ಲ ಚೌಕಗಳ ಲೆಕ್ಕದಲ್ಲಿ ನನಗೆ ಪರಿಚಯ. ‘ಉಡುಪಿ ಬಳಿಯ ಮೀನುಗಾರಿಕಾ ಬಂದರು’ ಎಂದರೆ ಎರಡಕ್ಷರ, ಮಲ್ಪೆ. ‘ರಾಣಿ ಅಬ್ಬಕ್ಕ ಆಳಿದ ಊರು’ ಮೂರು, ಉಳ್ಳಾಲ. ‘ಶರಾವತಿ ಕಡಲು ಸೇರುವ ಊರು’ ನಾಲ್ಕು, ಹೊನ್ನಾವರ.

ಇವನ್ನು ಬಾಯಿಪಾಠ ಮಾಡುವ ಬದಲು ಒಮ್ಮೆ ನಕ್ಷೆ ತೆರೆದು ನೋಡಿ. ಕಾರವಾರದಲ್ಲಿ ಕಾಳಿ, ತದಡಿಯಲ್ಲಿ ಅಘನಾಶಿನಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಮಂಗಳೂರಿನಲ್ಲಿ ನೇತ್ರಾವತಿ. ಹೆಚ್ಚಿನ ಬಂದರುಗಳು ನದಿ ಕಡಲು ಸೇರುವಲ್ಲೇ ಇವೆ. ತೆರೆದ ಕಡಲಿನ ಅಲೆಗೆ ಬೋಟ್ ಕಟ್ಟಿ ನಿಲ್ಲಿಸಲಾಗದು. ನದಿಯೊಳಗೆ ನೀರು ಶಾಂತ. ಆ ಸೇರುವ ಜಾಗವೇ ‘ಅಳಿವೆ’. ಪದಬಂಧದಲ್ಲಿ ಅದಕ್ಕೆ ಮೂರು ಚೌಕ.

ನನ್ನ ರೂಮ್‌ಮೇಟ್ ಗಂಗೊಳ್ಳಿಯವನು. ಅವನ ತಂದೆ ಬೋಟಿನಲ್ಲಿ ದುಡಿಯುತ್ತಾರೆ. ನಾನು ಆ ಚೌಕಗಳನ್ನು ತುಂಬುತ್ತಿದ್ದಾಗ ಅವನೆಂದ: ‘ನಿಂಗೆ ಅದು ಮೂರಕ್ಷರ ಮಾರಾಯಾ. ಅಪ್ಪ ಅದನ್ನ ದಾಟಿ ಒಳಗೆ ಬಂದ್ರು ಅಂತ ಫೋನ್ ಬರೋ ತನಕ ನಮ್ಮಮ್ಮ ಊಟ ಮಾಡುದಿಲ್ಲ.’

ಕಾರಣ ಮರಳು. ನದಿ ತರುವ ಮರಳು, ಅಲೆ ತಳ್ಳುವ ಮರಳು ಎರಡೂ ಅಳಿವೆಯಲ್ಲಿ ದಿಬ್ಬವಾಗುತ್ತವೆ. ಆಳ ಕಡಿಮೆಯಾದಲ್ಲಿ ಅಲೆ ಎದ್ದು ಒಡೆಯುತ್ತದೆ, ಬೋಟ್ ನೆಲಕ್ಕೆ ತಾಗುತ್ತದೆ ಇಲ್ಲವೇ ಮಗುಚುತ್ತದೆ. ಹೂಳೆತ್ತುವುದು, ಅಲೆ ತಡೆಗೋಡೆ ಕಟ್ಟುವುದು ಇದಕ್ಕೇ.

ಅಳಿವೆ ದಾಟಿ ಹೋದ ಮೇಲೂ ಭಯ ತಪ್ಪಿದ್ದಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ 7 ಮೀನುಗಾರರ ಸಮೇತ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಡಲಿನಲ್ಲಿ ನೌಕಾಪಡೆಗೆ ಸಿಕ್ಕಿದ್ದು ಬೋಟಿನ ಅವಶೇಷ ಮಾತ್ರ. ಹೋದವರು ಮರಳಲಿಲ್ಲ. ಮಲ್ಪೆ ಎಂದು ಬರೆಯುವಾಗ ನನಗೀಗ ಆ ಏಳು ಮನೆಗಳು ನೆನಪಾಗುತ್ತವೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯರೇ, ಬಂದರಿನ ಹೆಸರು ಗೊತ್ತಿದ್ದರೆ ಒಂದು ಅಂಕ ಸಿಗುತ್ತದೆ. ಅದು ಅಲ್ಲೇ ಏಕಿದೆ, ಅಲ್ಲಿಯವರು ಯಾವುದಕ್ಕೆ ಹೆದರುತ್ತಾರೆ ಎಂಬುದೂ ಗೊತ್ತಿರಲಿ. ನಾಳೆ ಎಂಜಿನಿಯರೋ ಅಧಿಕಾರಿಯೋ ಆಗಿ ಕುಳಿತಾಗ, ಯಾವುದೋ ಅಳಿವೆಯ ಹೂಳೆತ್ತುವ ಕಡತ ನಮ್ಮ ಮೇಜಿಗೂ ಬಂದೀತು. ಅದನ್ನು ಪಕ್ಕಕ್ಕೆ ಸರಿಸಲು ಆಗ ನಮಗೆ ಕೈ ಬರಬಾರದು.